ಊಸರಭೂಮಿಯ ಹುಲ್ಲು

ಧಾನ್ಯಗಳಿಗೆ ಚರಿತ್ರೆಯುಂಟು. ಗೋದಿಯು ಎಲ್ಲಿ ಹುಟ್ಟಿತು, ಭತ್ತವು ಯಾವ ಮಾರ್ಗವಾಗಿ ಹರಡಿತು, ಕಬ್ಬು ಯಾವ ಯಾವ ದೇಶಗಳಿಗೆ ಸಾಗಿತು ಎಂಬುದನ್ನು ಕುರಿತು ವಿದ್ವಾಂಸರು ಸಂಪುಟಗಳನ್ನೇ ಬರೆದಿರುವರು. ದರ್ಭೆ ಗರಿಕೆಗಳು ಹುಲ್ಲೇ ಆದರೂ ದೇವಕಾರ್ಯ ಪಿತೃಕಾರ್ಯಗಳಲ್ಲಿ ಸೇರಿಕೊಂಡು ಮರ್ಯಾದೆಯನ್ನು ಪಡೆದಿವೆ. ಉಳಿದ ಹುಲ್ಲುಗಳು ದನ ಮೇಯ್ದರೆ ಮೇವು, ಮೇಯದಿದ್ದರೆ ಕಳೆ. ಅವುಗಳ ಕಥೆ ಅಲ್ಲಿಗೆ ಮುಗಿಯಿತು. ಪ್ರಕೃತ ಲೇಖನಕ್ಕೆ ವಿಷಯವಾದ ಹುಲ್ಲಾದರೋ ಬಹುಕಾಲದವರೆಗೆ ಭೂಮಿಯು ಕೆಟ್ಟಿದೆಯೆಂಬುದಕ್ಕೆ ಒಂದು ಗುರುತಾಗಿ ಮಾತ್ರ ಎಣಿಸಲ್ಪಡುತ್ತಿದ್ದಿತು. ಆದರೂ ಪಂಜಾಬದ ನಾಲೆಗಳ ಇನ್ನೂರು ವರ್ಷಗಳ ಚರಿತ್ರೆಯನ್ನು ಈ ಹುಲ್ಲನ್ನು ಬಿಟ್ಟು ಬರೆದರೆ ಅದು ಅರ್ಧ ಚರಿತ್ರೆಯಾದೀತೆಂದು ನನ್ನ ಅಭಿಪ್ರಾಯ.

ಪಂಜಾಬದವರು ಇದನ್ನು ಕಲ್ಲರ್ ಘಾಸ್ ಎಂದು ಕರೆಯುವರು. ಕಲ್ಲರ್ ಎಂದರೆ ಕ್ಷಾರ ತುಂಬಿದ ನೆಲ. ಲಿನ್ನೇಯಸನು ೧೭೫೯ರಲ್ಲಿ ಇದಕ್ಕೆ ಫೆಸ್ಟುಕಾ ಫುಸ್ಕಾ ಎಂದು ಹೆಸರಿಟ್ಟನು. ಅನಂತರ ಬಂದ ಸಸ್ಯಶಾಸ್ತ್ರಜ್ಞರು ಕುಲವನ್ನು ಬದಲಾಯಿಸಿ ಡಿಪ್ಲಾಕ್ನೆ ಎಂದೂ ಲೆಪ್ಟೊಕ್ಲೋವಾ ಎಂದೂ ಕರೆದರು. ಮಾಸಲು ಬಣ್ಣದ್ದೆಂಬ ಅರ್ಥದ ‘ಫುಸ್ಕಾ’ ಎಂಬ ವಿಶೇಷಣ ಮಾತ್ರ ಎಲ್ಲ ಹೆಸರುಗಳಲ್ಲಿಯೂ ಉಳಿದು ಬಂದಿದೆ. ಇದು ಹಲವು ವರ್ಷ ಬಾಳುವ ಹುಲ್ಲು. ಆಫ್ರಿಕಾದಿಂದ ಹಿಡಿದು ಹಿಂದೂಸ್ಥಾನದ ಮಾರ್ಗವಾಗಿ ಆಸ್ಟ್ರೇಲಿಯದವರೆಗೂ ಜೌಗು ನೆಲಗಳಲ್ಲಿ, ಉಪ್ಪು ನೀರಿನ ಹಳ್ಳಗಳಲ್ಲಿ, ಕೆರೆಯಂಚಿನ ಚೌಳಿನಲ್ಲಿ ತಾನಾಗಿ ಬೆಳೆಯುವುದು. ಬುಡದಿಂದ ಹಲವು ಕಡ್ಡಿಗಳು ಒಟ್ಟಾಗಿ ಎದ್ದು ಒಬ್ಬ ಮನುಷ್ಯನ ಎದೆಯವರೆಗೂ ಬರುವುದುಂಟು. ನೀರು ನಿಂತರೂ ಸಾಯದು. ಅದರ ಗರಿಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಿದ್ದು, ಬೇರಿನ ಮೂಲಕ ಒಳಕ್ಕೆ ಬಂದ ಉಪ್ಪಿನ ಒಂದಂಶವನ್ನು ಅವು ಹೊರಕ್ಕೆ ಹಾಕುತ್ತವೆ.

ಕ್ಷಾರದ ನೆಲಕ್ಕೆ ನಮ್ಮ ದೇಶದಲ್ಲಿ ಹೆಸರುಗಳಿಗೆ ಕೊರತೆಯಿಲ್ಲ. ಸಂಸ್ಕೃತದಲ್ಲಿ ಅದು ಊಷರ; ಅಪಾತ್ರನಿಗೆ ವಿದ್ಯೆಯನ್ನು ಹೇಳಿಕೊಡುವುದು ಊಷರದಲ್ಲಿ ಒಳ್ಳೆಯ ಬೀಜವನ್ನು ಬಿತ್ತಿದಂತೆ ಎಂಬ ಹೋಲಿಕೆಯು ಮನುಸ್ಮೃತಿಯಲ್ಲಿಯೇ ಬಂದಿದೆ. ಹಿಂದಿಯಲ್ಲಿ ಅದೇ ಶಬ್ದವು ಊಸರ್ ಆಯಿತು. ನಮ್ಮವರು ಕರಲು, ಚೌಳು, ಸವಳು ಎನ್ನುವರು. ಆ ನೆಲದ ಮೇಲೆ ಬೇಸಗೆಯಲ್ಲಿ ಸುಣ್ಣ ಬಳಿದಂತೆ ಅರಳುವ ಬಿಳಿಯ ಪುಡಿಗೆ ಉತ್ತರದಲ್ಲಿ ರೇಹ್ ಎಂದು ಹೆಸರು. ಈ ಪುಡಿಯೇ ಕೆಲವರಿಗೆ ಜೀವನೋಪಾಯವೂ ಆಗಿತ್ತೆಂಬುದನ್ನು ಮರೆಯಬಾರದು. ಅಗಸರು ಅದರಿಂದ ಬಟ್ಟೆಯನ್ನು ಒಗೆಯುತ್ತಿದ್ದರು. ಬಳೆಗಾರರು ಅದರ ಕ್ಷಾರದಿಂದ ಗಾಜನ್ನು ಕರಗಿಸುತ್ತಿದ್ದರು. ೧೮೦೦ನೆಯ ಇಸವಿಯಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಗಾಜಿನ ಬಳೆಗಳನ್ನು ಮಾಡುವ ಕುಲುಮೆಗಳನ್ನು ಕಂಡು, ಚೌಳು ಮಣ್ಣಿನ ಕ್ಷಾರವು ಅಲ್ಲಿ ಹೇಗೆ ಬಳಕೆಯಾಗುತ್ತಿತ್ತೆಂಬುದನ್ನು ಬರೆದಿಟ್ಟಿದ್ದಾನೆ. ಮತ್ತೋಡಿನ ಬಳೆಯು ಕನ್ನಡ ಹೆಣ್ಣುಮಕ್ಕಳ ಕೈಯಲ್ಲಿ ಝಣಝಣಿಸಿದಾಗ ಅದು ಬಂಜೆ ನೆಲದ ಫಲವೆಂದು ಯಾರಿಗೆ ತೋರಿತ್ತೋ!

ಉತ್ತರದ ಬಯಲಿನಲ್ಲಿಯೂ ಊಸರವು ನಾಲೆಗಳು ಬರುವುದಕ್ಕೆ ಮೊದಲೇ ಇದ್ದಿತು. ಗಂಗಾ ಯಮುನೆಗಳ ನಡುವಣ ಅಂತರ್ವೇದಿಯಲ್ಲಿ ಹಳ್ಳಿಹಳ್ಳಿಗೂ ಇಷ್ಟಿಷ್ಟು ಬಿಳಿಯ ನೆಲವಿದ್ದು, ಅದು ಯಾರೊಬ್ಬರ ಸ್ವತ್ತೂ ಆಗಿರದೆ ಊರ ದನಗಳ ತಿರುಗಾಟಕ್ಕೆ ಬಿಡಲ್ಪಟ್ಟಿತ್ತು. ಮಳೆಗಾಲದಲ್ಲಿ ಅಲ್ಲಿ ಊಸರ್ ಘಾಸ್ ಎಂಬ ಗಿಡ್ಡ ಹುಲ್ಲೂ, ನೀರು ನಿಲ್ಲುವ ತಗ್ಗುಗಳಲ್ಲಿ ಕಲ್ಲರ್ ಹುಲ್ಲೂ ತಲೆಯೆತ್ತುತ್ತಿದ್ದವು. ಇಷ್ಟರಿಂದ ಯಾರಿಗೂ ಹೆಚ್ಚಿನ ತೊಂದರೆಯಿರಲಿಲ್ಲ. ತೊಂದರೆಯು ಆರಂಭವಾದದ್ದು ಬಿಳಿಯ ನೆಲವು ತನ್ನ ಎಲ್ಲೆಯನ್ನು ಮೀರಿ ಉಳುವ ಹೊಲಗಳೊಳಗೆ ನಡೆದು ಬಂದಾಗ.

ಆ ನಡಿಗೆಯನ್ನು ಚೆನ್ನಾಗಿ ತಿಳಿಯಬೇಕಾದರೆ ಕರ್ನಾಲಕ್ಕೆ ಹೋಗಬೇಕು. ಕರ್ಣನು ಕಟ್ಟಿಸಿದ್ದರಿಂದ ಆ ಊರಿಗೆ ಆ ಹೆಸರು ಬಂತೆಂದು ಅಲ್ಲಿಯವರ ಐತಿಹ್ಯ. ಕುರುಕ್ಷೇತ್ರವು ಅಲ್ಲಿಗೆ ಹತ್ತಿರವೇ. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಶಾಹ ತುಘಲಕನು ಯಮುನೆಯಿಂದ ಹಿಸಾರದ ಕಡೆಗೆ ನಾಲೆಯನ್ನು ತೆಗೆಯಿಸಿದನು. ಮೊಗಲರ ಕಾಲದಲ್ಲಿ ಅದರ ಒಂದು ಕವಲು ದಿಲ್ಲಿಗೆ ಹರಿಯಿತು. ರಾಜ್ಯವು ಕ್ಷೀಣಿಸಿದಂತೆ ನಾಲೆಯೂ ಹೂಳು ತುಂಬಿ ಬತ್ತಿಹೋಯಿತು. ಇಂಗ್ಲಿಷರು ದಿಲ್ಲಿಯನ್ನು ಹಿಡಿದ ತರುವಾಯ ಹಳೆಯ ಪಾತ್ರವನ್ನೇ ಕೆದಕಿ, ೧೮೨೦ರ ಸುಮಾರಿಗೆ ದಿಲ್ಲಿಗೆ ಮತ್ತೆ ನೀರನ್ನು ತಂದರು. ಇದೇ ಪಶ್ಚಿಮ ಯಮುನಾ ನಾಲೆ.

ಹಳೆಯ ಪಾತ್ರವನ್ನೇ ಹಿಡಿದದ್ದರಿಂದ ಖರ್ಚು ಉಳಿಯಿತು. ಆದರೆ ಆ ಪಾತ್ರವು ಅನೇಕ ಕಡೆಗಳಲ್ಲಿ ದಿಣ್ಣೆಯ ನೆತ್ತಿಯನ್ನು ಬಿಟ್ಟು ತಗ್ಗಿನಲ್ಲಿ ಹರಿಯುತ್ತಿತ್ತು. ಮಳೆನೀರು ಸಹಜವಾಗಿ ಹರಿದುಹೋಗುವ ದಾರಿಗಳಿಗೆ ನಾಲೆಯ ಏರಿ ಅಡ್ಡಲಾಯಿತು. ನಾಲೆಯಿಂದ ಜಿನುಗಿದ ನೀರು ಎರಡು ಪಕ್ಕಗಳಲ್ಲಿಯೂ ನಿಂತಿತು. ನೀರು ನಿಂತ ಕಡೆ ಮೊದಲು ಬಂದದ್ದು ಜ್ವರ. ಕರ್ನಾಲದಲ್ಲಿ ಇಂಗ್ಲಿಷರ ದೊಡ್ಡ ದಂಡಿದ್ದಿತು. ೧೮೪೦ರ ದಶಕದ ಆದಿಯಲ್ಲಿ ಚಳಿಜ್ವರದ ಹಾವಳಿಯನ್ನು ತಾಳಲಾರದೆ ಆ ದಂಡನ್ನು ಎತ್ತಿ ಅಂಬಾಲೆಗೆ ಸಾಗಿಸಿದರು. ಜ್ವರಕ್ಕೂ ನಾಲೆಗೂ ಸಂಬಂಧವೇನೆಂಬುದನ್ನು ಪರಿಶೀಲಿಸಲು ಬೇಕರ್, ಡೆಂಪ್ಸ್ಟರ್, ಯೂಲ್ ಎಂಬ ಮೂವರ ಸಮಿತಿಯೊಂದು ನೇಮಕವಾಗಿ ೧೮೪೭ರಲ್ಲಿ ವರದಿಯನ್ನು ಒಪ್ಪಿಸಿತು. ಇವರಲ್ಲಿ ವೈದ್ಯನಾದ ಡೆಂಪ್ಸ್ಟರನು ಹಳ್ಳಿಯಿಂದ ಹಳ್ಳಿಗೆ ಹೋಗಿ ಜನರ ಹೊಟ್ಟೆಯನ್ನು ಮುಟ್ಟಿ, ಎಷ್ಟು ಮಂದಿಗೆ ಗುಲ್ಮವು ಊದಿಕೊಂಡಿದೆಯೆಂದು ಲೆಕ್ಕ ಹಾಕಿದನು. ನೀರು ಹರಿದುಹೋಗದೆ ನಿಲ್ಲುವ ಊರುಗಳಲ್ಲಿ ಈ ಲೆಕ್ಕವು ಏರಿತ್ತು. ಮೂರನೆಯವನಾದ ಹೆನ್ರಿ ಯೂಲನೇ ಮುಂದೆ ಮಾರ್ಕೋ ಪೋಲೋವಿನ ಪ್ರವಾಸಗ್ರಂಥವನ್ನು ಸಂಪಾದಿಸಿಯೂ ‘ಹಾಬ್ಸನ್ ಜಾಬ್ಸನ್’ ಎಂಬ ಕೋಶವನ್ನು ರಚಿಸಿಯೂ ಹೆಸರಾದವನು.

ದಂಡಿಗೆ ಎತ್ತಿಕೊಂಡು ಹೋಗುವ ಸೌಕರ್ಯವಿದ್ದಿತು, ರೈತನಿಗೆ ಇರಲಿಲ್ಲ. ಜ್ವರದ ಹಿಂದೆಯೇ ರೇಹ್ ಬಂತು. ಅಂತರ್ಜಲವು ಮೇಲೇರಿ ನೆಲದ ಮಟ್ಟಕ್ಕೆ ಸಮೀಪಿಸಿದಾಗ, ಬಿಸಿಲಿಗೆ ನೀರು ಆವಿಯಾಗಿ ಹೋಗುವುದು, ಅದರಲ್ಲಿ ಕರಗಿದ್ದ ಲವಣವು ಮೇಲುಮಣ್ಣಿನಲ್ಲಿ ಉಳಿಯುವುದು. ಮೊದಲ ವರ್ಷ ಹೊಲದ ಒಂದು ಮೂಲೆಯಲ್ಲಿ ಪೈರು ಹಳದಿಯಾಗುವುದು; ಎರಡನೆಯ ವರ್ಷ ಅಲ್ಲಿ ಬೀಜ ಮೊಳೆಯದು; ಕ್ರಮೇಣ ಆ ಮೂಲೆಯು ಹೊಲವನ್ನೇ ನುಂಗುವುದು. ೧೮೭೨ರಿಂದ ೧೮೮೦ರವರೆಗೆ ಪಾಣಿಪತ್ತು ಕರ್ನಾಲಗಳ ಕಂದಾಯ ಬಂದೋಬಸ್ತನ್ನು ನಡೆಯಿಸಿದ ಡೆನ್ಜಿಲ್ ಇಬ್ಬೆಟ್‌ಸನ್ನನು ನಾಲೆಯ ಬದಿಯ ಹಳ್ಳಿಗಳ ದುರವಸ್ಥೆಯನ್ನು ವಿಸ್ತಾರವಾಗಿ ಬರೆದಿರುವನು. ಜೌಗು, ಜ್ವರ, ರೇಹ್ ಈ ಮೂರೂ ಸೇರಿ ಊರಿಗೆ ಊರೇ ಬಡವಾದ ವೃತ್ತಾಂತವು ಅಲ್ಲಿದೆ. ಹೊಲವು ಬಿಳಿಚಿಹೋದರೂ ಕಂದಾಯದ ದಫ್ತರದಲ್ಲಿ ಅದು ಹಸಿರಾಗಿಯೇ ಇರುವುದು ಸಾಮಾನ್ಯ. ಆ ನಡುವಣ ವರ್ಷಗಳಲ್ಲಿ ರೈತನ ಪಾಡೇನೆಂಬುದನ್ನು ಹಳ್ಳಿಗಾಡಿನ ಸಂಬಂಧವುಳ್ಳ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ.

ಇಂತಹ ಹೊಲಗಳಲ್ಲಿ ಗೋದಿಯು ಹೋದ ಮೇಲೆ ಬರುತ್ತಿದ್ದದ್ದು ಕಲ್ಲರ್ ಹುಲ್ಲು. ಅದನ್ನು ಯಾರೂ ಬಿತ್ತಲಿಲ್ಲ. ಜೌಗೂ ಕ್ಷಾರವೂ ಕೂಡಿದಲ್ಲಿ ಬದುಕಬಲ್ಲದ್ದು ಅದೊಂದೇ ಆಗಿದ್ದುದರಿಂದ, ಬೇರೆಯವು ತೆರವು ಮಾಡಿದ ಸ್ಥಳವನ್ನು ಅದು ಹಿಡಿಯಿತು. ಹೊಲದಲ್ಲಿ ಅದನ್ನು ಕಂಡ ರೈತನು ಹಣೆಯನ್ನು ಚಚ್ಚಿಕೊಂಡಿದ್ದರೆ ಆಶ್ಚರ್ಯವೇನು? ಮನೆಯಲ್ಲಿ ರೋಗಿಯ ಹಾಸಿಗೆಯ ಬಳಿ ವೈದ್ಯನನ್ನು ಕಂಡು, ಇವನು ಬಂದುದರಿಂದಲೇ ರೋಗ ಬಂತೆಂದು ಭಾವಿಸುವ ಮಗುವಿನಂತೆ, ಜನರು ಹುಲ್ಲಿಗೂ ಕ್ಷಾರಕ್ಕೂ ಒಂದೇ ಹೆಸರನ್ನಿಟ್ಟರು.

ರೇಹಿನ ಕಾರಣವನ್ನು ಕುರಿತು ಅಧಿಕಾರಿಗಳಲ್ಲಿ ದೀರ್ಘವಾದ ವಾಗ್ವಾದವೇ ನಡೆಯಿತು. ಭೂಗರ್ಭಶಾಸ್ತ್ರಜ್ಞನಾದ ಎಚ್. ಬಿ. ಮೆಡ್ಲಿಕಾಟನು ೧೮೬೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪರ್ವತಗಳ ಶಿಲೆ ಕರಗಿ ಬರುವ ಲವಣವು ನದಿಗಳ ನೀರಿನಲ್ಲಿಯೇ ಇರುವುದೆಂದೂ, ನೀರು ಹೊರಕ್ಕೆ ಹರಿಯುವ ದಾರಿಯಿಲ್ಲದ ಬಯಲಿನಲ್ಲಿ ಅದು ಕೂಡುತ್ತಾ ಹೋಗುವುದೆಂದೂ ತಿಳಿಸಿದನು. ೧೮೫೪ರಲ್ಲಿ ಗಂಗಾ ನಾಲೆಯು ತೆರೆದಿದ್ದಿತು. ಅದರ ಪ್ರದೇಶದಲ್ಲಿಯೂ ಬಿಳಿಯ ಕಲೆಗಳು ಹರಡುತ್ತಿರುವುವೆಂಬ ದೂರುಗಳು ಹೆಚ್ಚಿದ ಮೇಲೆ ೧೮೭೭ರಲ್ಲಿ ಅಲೀಗಢದ ಕಡೆಯ ರೇಹನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿದರು. ವಾದದ ತಿರುಳು ಇಷ್ಟೇ: ರೇಹಿಗೆ ನಾಲೆಯು ಕಾರಣವೆಂದು ಒಪ್ಪಿದರೆ ಪರಿಹಾರವನ್ನು ನಾಲೆಯ ಯಜಮಾನನು ಕೊಡಬೇಕು, ಪ್ರಕೃತಿಯು ಕಾರಣವೆಂದರೆ ಯಾರೂ ಕೊಡಬೇಕಾಗಿಲ್ಲ. ಪಶ್ಚಿಮ ಯಮುನಾ ನಾಲೆಯ ಮಟ್ಟಿಗೆ ಕೊನೆಗೆ ಪಾತ್ರವನ್ನು ಬದಲಾಯಿಸುವ, ನೀರು ಬಸಿಯುವ ಕಾಲುವೆಗಳನ್ನು ತೋಡುವ ಕೆಲಸವನ್ನು ಕೈಗೊಂಡರು. ಅಷ್ಟರಲ್ಲಿ ಅರ್ಧ ಶತಮಾನವು ಕಳೆದಿದ್ದಿತು.

ಹುಲ್ಲಿನ ಕಡೆಗೆ ಮೊಟ್ಟಮೊದಲು ಸರಕಾರದ ದೃಷ್ಟಿಯನ್ನು ತಿರುಗಿಸಿದ್ದು ಒಂದು ಸರಳವಾದ ಪ್ರಯೋಗ. ಅಲೀಗಢದ ಸಮೀಪದ ಛೇರತ್ ಮುಂತಾದ ಕಡೆಗಳಲ್ಲಿ ಊಸರದ ತುಂಡುಗಳಿಗೆ ಬೇಲಿಯನ್ನು ಹಾಕಿ ದನಗಳು ಬಾರದಂತೆ ತಡೆದರು. ಮತ್ತೇನನ್ನೂ ಮಾಡದಿದ್ದರೂ ಕೆಲವೇ ವರ್ಷಗಳಲ್ಲಿ ಅಲ್ಲಿ ಹುಲ್ಲು ದಟ್ಟವಾಯಿತು. ಹಿಂದೂಸ್ಥಾನದ ವ್ಯವಸಾಯವನ್ನು ಪರೀಕ್ಷಿಸಲು ೧೮೮೯ರಲ್ಲಿ ಇಂಗ್ಲೆಂಡಿನಿಂದ ಬಂದ ರಸಾಯನಶಾಸ್ತ್ರಜ್ಞ ವೋಲ್ಕರನು ಇವನ್ನು ಕಂಡು ೧೮೯೩ರ ತನ್ನ ಪ್ರಸಿದ್ಧವಾದ ವರದಿಯಲ್ಲಿ ಸೇರಿಸಿದನು. ಹುಲ್ಲೂ ಹುಟ್ಟದ ನೆಲವೆಂದು ನಾವು ಬಯ್ಯುವ ನೆಲದಲ್ಲಿ ಹುಲ್ಲು ಹುಟ್ಟದಿರುವುದಕ್ಕೆ ದನದ ಬಾಯಿಯೂ ಒಂದು ಕಾರಣವೆಂದು ಇದರಿಂದ ವಿದಿತವಾಯಿತು. ಆದರೆ ಆ ದನಗಳು ಯಾರವು? ಬೇರೆ ಗೋಮಾಳವಿಲ್ಲದ ಬಡವರವು. ಬೇಲಿಯನ್ನು ಹಾಕುವುದು ಪ್ರಯೋಗಶಾಲೆಯ ದೃಷ್ಟಿಯಿಂದ ಸುಲಭ. ಊರಿನ ದೃಷ್ಟಿಯಿಂದ ಕಠಿನ. ಈ ತೊಡಕು ಈ ಕಥೆಯಲ್ಲಿ ಮತ್ತೆ ಮತ್ತೆ ತಲೆದೋರುವುದನ್ನು ಮುಂದೆ ಕಾಣಬಹುದು.

ವೋಲ್ಕರನ ತರುವಾಯ ಸರಕಾರದ ಕೃಷಿ ರಸಾಯನಶಾಸ್ತ್ರಜ್ಞನಾಗಿದ್ದ ಲೆದರನು ಊಸರವನ್ನು ಸುಧಾರಿಸುವ ಹಲವು ಕ್ರಮಗಳನ್ನು ಪರೀಕ್ಷಿಸಿ ೧೯೧೪ರಲ್ಲಿ ಫಲವನ್ನು ಪ್ರಕಟಿಸಿದನು. ಜಿಪ್ಸಂ ಹಾಕಿದರೆ ನೆಲವು ಸುಧಾರಿಸುವುದೆಂಬುದು ಅವನಿಗೆ ಖಚಿತವಾಯಿತು. ಖರ್ಚು ಮಾತ್ರ ನೆಲದ ಬೆಲೆಗೆ ಮೀರಿದ್ದಾಯಿತು.

ಇಲ್ಲಿ ಮಣ್ಣಿನ ರಹಸ್ಯವನ್ನು ಸ್ವಲ್ಪ ಹೇಳದಿದ್ದರೆ ಮುಂದಿನ ಮಾತು ತಿಳಿಯದು. ಉಪ್ಪು ನೆಲಗಳಲ್ಲಿ ಎರಡು ಬಗೆಗಳುಂಟು. ಅಡಿಗೆ ಉಪ್ಪಿನಂತಹ ಲವಣಗಳು ಹೆಚ್ಚಾಗಿ ಸೇರಿದ ನೆಲವು ಒಂದು. ಬಸಿಯುವ ದಾರಿಯನ್ನು ಮಾಡಿ ಒಳ್ಳೆಯ ನೀರನ್ನು ಹಾಯಿಸಿದರೆ ಅದು ತೊಳೆದುಹೋಗುವುದು. ಇನ್ನೊಂದು ಬಗೆಯದು ಮೊಂಡು. ಅದರಲ್ಲಿ ತೊಳೆಯುವ ಸೋಡದ ಜಾತಿಯ ಕ್ಷಾರವಿದ್ದು, ಸೋಡಿಯಂ ಜೇಡಿಯ ಕಣಗಳಿಗೇ ಅಂಟಿಕೊಂಡಿರುವುದು. ಹಾಗೆ ಅಂಟಿದಾಗ ಕಣಗಳು ಒಂದಕ್ಕೊಂದು ಹಿಡಿದುಕೊಳ್ಳದೆ ನೀರಿನಲ್ಲಿ ಚೆದರಿ, ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುವುವು. ಒದ್ದೆಯಾದಾಗ ಅಂಟು, ಒಣಗಿದಾಗ ಕಲ್ಲು. ಮಳೆನೀರು ಮೇಲೆ ನಿಂತು ಕೆಸರಾಗುವುದೇ ಹೊರತು ಒಂದು ಗೇಣು ಕೆಳಕ್ಕೂ ಇಳಿಯದು. ತೊಳೆಯೋಣವೆಂದರೆ ನೀರೇ ಒಳಕ್ಕೆ ಹೋಗದಿರುವಾಗ ತೊಳೆಯುವುದು ಹೇಗೆ? ಆದುದರಿಂದ ಸೋಡಿಯಮ್ಮನ್ನು ಕಿತ್ತು ಅದರ ಸ್ಥಳದಲ್ಲಿ ಸುಣ್ಣದ ಅಂಶವಾದ ಕ್ಯಾಲ್ಸಿಯಮ್ಮನ್ನು ಕೂರಿಸಬೇಕು. ಜಿಪ್ಸಂ ಮಾಡುವುದು ಇದನ್ನೇ.

ವಿಚಿತ್ರವೇನೆಂದರೆ, ಈ ನೆಲಗಳಲ್ಲಿ ಸುಣ್ಣಕ್ಕೆ ಬರವಿಲ್ಲ. ಎರಡು ಮೂರು ಅಡಿ ತೋಡಿದರೆ ಕಂಕರ್ ಎಂಬ ಸುಣ್ಣಕಲ್ಲಿನ ಹರಳುಗಳು ಪದರಾಗಿಯೇ ಸಿಕ್ಕುವುವು. ಆದರೆ ಅದು ನೀರಿನಲ್ಲಿ ಕರಗದಂತಹ ಸುಣ್ಣ. ಹಸಿದವನ ಮನೆಯಲ್ಲಿ ಬೀಗ ಹಾಕಿದ ಕಣಜವಿದ್ದಂತೆ. ಬೀಗವನ್ನು ತೆಗೆಯುವ ಕೈ ಬೇರಿನದು. ಸಜೀವವಾದ ಬೇರು ಉಸಿರಾಡುತ್ತ ಇಂಗಾಲಾಮ್ಲವಾಯುವನ್ನು ಬಿಡುವುದು. ಅದು ಮಣ್ಣಿನ ತೇವದಲ್ಲಿ ಸೇರಿ ಸೌಮ್ಯವಾದ ಆಮ್ಲವಾಗಿ ಸುಣ್ಣಕಲ್ಲನ್ನು ಅಷ್ಟಷ್ಟೇ ಕರಗಿಸುವುದು. ಕರಗಿದ ಕ್ಯಾಲ್ಸಿಯಂ ಸೋಡಿಯಮ್ಮನ್ನು ಕದಲಿಸುವುದು. ಬೇರು ಕೊರೆದ ದಾರಿಯಲ್ಲಿ ನೀರು ಅದನ್ನು ಕೆಳಕ್ಕೆ ಒಯ್ಯುವುದು. ಇದಕ್ಕೆ ಬೇಕಾದದ್ದು ಅಂತಹ ನೆಲದಲ್ಲಿ ಬದುಕಿ ಬೇರೂರಬಲ್ಲ ಒಂದು ಗಿಡ ಮಾತ್ರ. ಅಂತಹ ಗಿಡವಾದರೋ ಆಗಲೇ ಅಲ್ಲಿ ನಿಂತಿದ್ದಿತು.

ಕಲ್ಲರ್ ಹುಲ್ಲು ಉಪ್ಪನ್ನು ತಿಂದು ನೆಲವನ್ನು ಶುದ್ಧಿ ಮಾಡುವುದೆಂದು ಕೆಲವರು ಹೇಳುವುದುಂಟು. ಗರಿಯ ಮೇಲೆ ಮಿನುಗುವ ಉಪ್ಪಿನ ಕಣಗಳನ್ನು ಕಂಡು ಹುಟ್ಟಿದ ಭಾವನೆಯಿದು. ಕೊಯ್ದ ಹುಲ್ಲಿನೊಡನೆ ಹೋಗುವ ಉಪ್ಪು ನೆಲದಲ್ಲಿರುವ ರಾಶಿಯ ಮುಂದೆ ಅತ್ಯಲ್ಪ. ಅದರ ಉಪಕಾರವೆಲ್ಲ ಬೇರಿನಲ್ಲಿಯೂ ನೆರಳಿನಲ್ಲಿಯೂ ಇದೆ: ಬೇರು ನೆಲವನ್ನು ತೆರೆಯುವುದು, ನೆರಳು ಬಿಸಿಲನ್ನು ತಡೆದು ಉಪ್ಪು ಮೇಲೇರದಂತೆ ಮಾಡುವುದು.

೧೯೪೭ರಲ್ಲಿ ಪಂಜಾಬವು ಎರಡಾಯಿತು. ನಾಲೆಗಳು ಹಂಚಿಹೋದವು, ಕಲ್ಲರ್ ನೆಲವೂ ಹಂಚಿಹೋಯಿತು, ಹುಲ್ಲು ಮಾತ್ರ ಗಡಿಯ ಎರಡು ಕಡೆಗಳಲ್ಲಿಯೂ ಒಂದೇ ಆಗಿ ಬೆಳೆಯಿತು. ಎರಡು ದೇಶಗಳೂ ಕೆಲವು ವರ್ಷಗಳ ಅಂತರದಲ್ಲಿ ಒಂದೇ ಸಮಸ್ಯೆಗೆ ಒಂದೊಂದು ಸಂಸ್ಥೆಯನ್ನು ತೆರೆದವು. ಭಾರತದಲ್ಲಿ ಕೇಂದ್ರ ಮಣ್ಣು ಲವಣತೆ ಸಂಶೋಧನಾಲಯವು ೧೯೬೯ರಲ್ಲಿ ಸ್ಥಾಪಿತವಾಗಿ ಅದೇ ವರ್ಷ ಕರ್ನಾಲಕ್ಕೆ ಬಂದಿತು. ಅದಕ್ಕೆ ದೊರೆತ ಭೂಮಿ ಜರೀಫಾ ವೀರಾನ್ ಎಂಬ ಊರಿನದು. ವೀರಾನ್ ಎಂದರೆ ಹಾಳುಬಿದ್ದದ್ದು. ದಂಡು ಓಡಿಹೋದ ಊರಿಗೆ ವಿಜ್ಞಾನಿಗಳು ಬಂದು ನೆಲಸಿದರೆಂಬುದು ಗಮನಿಸತಕ್ಕ ಮಾತು. ಪಾಕಿಸ್ತಾನದಲ್ಲಿ, ಆಗ ಲಯಾಲ್ಪುರವೆನಿಸಿಕೊಂಡಿದ್ದ ಇಂದಿನ ಫೈಸಲಾಬಾದಿನಲ್ಲಿ ೧೯೭೨ರಲ್ಲಿ ಪರಮಾಣು ಕೃಷಿ ಮತ್ತು ಜೀವಶಾಸ್ತ್ರ ಸಂಸ್ಥೆಯು ಆರಂಭವಾಯಿತು.

ಎರಡು ಕಡೆಯವರೂ ಹಿಡಿದ ದಾರಿಗಳು ಬೇರೆ ಬೇರೆ. ಕರ್ನಾಲದವರು ಮುಖ್ಯವಾಗಿ ಜಿಪ್ಸಮ್ಮನ್ನು ನಂಬಿದರು. ಹೊಲವನ್ನು ಮಟ್ಟ ಮಾಡಿ, ಬದುವನ್ನು ಕಟ್ಟಿ, ಹೆಕ್ಟೇರಿಗೆ ಹತ್ತರಿಂದ ಹದಿನೈದು ಟನ್ನಿನಷ್ಟು ಜಿಪ್ಸಮ್ಮನ್ನು ಮೇಲುಮಣ್ಣಿನಲ್ಲಿ ಬೆರಸಿ, ನೀರನ್ನು ನಿಲ್ಲಿಸಿ, ಮೊದಲ ಬೆಳೆಯಾಗಿ ಭತ್ತವನ್ನು ನೆಡುವುದು ಅವರ ಕ್ರಮ. ರಾಜಸ್ಥಾನದಲ್ಲಿ ಜಿಪ್ಸಂ ಹೇರಳವಾಗಿದ್ದುದರಿಂದಲೂ, ಸರಕಾರವು ಬೆಲೆಯ ಬಹುಭಾಗವನ್ನು ಭರಿಸಿದ್ದರಿಂದಲೂ ಲೆದರನ ಕಾಲದ ಅಡ್ಡಿ ನಿವಾರಣೆಯಾಯಿತು. ಪಂಜಾಬ, ಹರಿಯಾಣ, ಉತ್ತರಪ್ರದೇಶಗಳಲ್ಲಿ ಹೀಗೆ ಸುಮಾರು ೨೦ ಲಕ್ಷ ಹೆಕ್ಟೇರು ನೆಲವು ಸಾಗುವಳಿಗೆ ಬಂದಿದೆ. ಇದು ಸಾಮಾನ್ಯವಾದ ಸಾಧನೆಯಲ್ಲ. ಹುಲ್ಲನ್ನೂ ಅವರು ಮರೆಯಲಿಲ್ಲ. ಕುಮಾರ್ ಮತ್ತು ಅಬ್ರೋಲ್ ಎಂಬವರು ೧೯೮೪ರಲ್ಲಿ ಪ್ರಕಟಿಸಿದ ಪರೀಕ್ಷೆಗಳು, ಜಿಪ್ಸಮ್ಮನ್ನು ಹಾಕದೆಯೇ ಈ ಹುಲ್ಲನ್ನು ಬೆಳೆದ ತೀವ್ರಕ್ಷಾರದ ನೆಲವು ಸುಧಾರಿಸುವುದನ್ನು ತೋರಿಸಿದವು. ಭಾರತದಲ್ಲಿ ಇದಕ್ಕೆ ಕರ್ನಾಲ್ ಹುಲ್ಲೆಂದೇ ಹೆಸರಾಯಿತು. ನಮ್ಮವರಿಗೆ ಬಳ್ಳಾರಿ ಜಾಲಿಯೆಂದು ಪರಿಚಿತವಾದ ಮುಳ್ಳಿನ ಮರವನ್ನೂ ಈ ಹುಲ್ಲನ್ನೂ ಜೊತೆಯಾಗಿ ಬೆಳೆದ ಅಲ್ಲಿಯ ತೋಪುಗಳಲ್ಲಿ, ಕೆಲವು ವರ್ಷಗಳ ತರುವಾಯ ಕ್ಷಾರವನ್ನು ಅಷ್ಟಾಗಿ ತಾಳದ ಬರ್ಸೀಮ್ ಮೇವನ್ನೂ ಬೆಳೆಯಲು ಸಾಧ್ಯವಾಯಿತು.

ಪಾಕಿಸ್ತಾನದವರು ಹುಲ್ಲನ್ನೇ ಮುಂದಿಟ್ಟುಕೊಂಡರು. ಅವರ ಅನೇಕ ಪ್ರದೇಶಗಳಲ್ಲಿ ಒಳ್ಳೆಯ ನೀರೇ ಇರಲಿಲ್ಲ. ಕೊಳವೆ ಬಾವಿಯಿಂದ ಬಂದದ್ದೂ ಸವಳೇ. ಅಂತಹ ನೀರಿನಲ್ಲಿಯೂ ಬೆಳೆಯುವ ಗಿಡವು ಬೇಕಾಗಿತ್ತು. ಸಂಧು ಮತ್ತು ಮಲಿಕ್ ಎಂಬ ವಿದ್ವಾಂಸರು ೧೯೭೫ರ ಒಂದು ಲೇಖನದಲ್ಲಿ ಸಸ್ಯಗಳ ಅನುಕ್ರಮವೇ ಉಪ್ಪು ನೆಲದ ಬಳಕೆಗೆ ಬೀಗದ ಕೈಯೆಂಬ ವಾದವನ್ನು ಮಂಡಿಸಿದರು. ಮೊದಲು ಕಲ್ಲರ್ ಹುಲ್ಲು, ಅದು ನೆಲವನ್ನು ಹದಮಾಡಿದ ಮೇಲೆ ಅದಕ್ಕಿಂತ ಸುಕುಮಾರವಾದ ಬೇರೆ ಗಿಡಗಳು, ಕೊನೆಗೆ ಧಾನ್ಯ. ಕಡ್ಡಿಯನ್ನೋ ಬೇರುಸಹಿತವಾದ ಬುಡವನ್ನೋ ಕೆಸರಿನಲ್ಲಿ ನೆಟ್ಟರೆ ಸಾಕು, ಹುಲ್ಲು ಹಿಡಿಯುವುದು. ಬೆಚ್ಚಗಿನ ತಿಂಗಳುಗಳಲ್ಲಿ ನಾಲ್ಕೈದು ಸಲ ಕೊಯ್ಯಬಹುದು. ಎಮ್ಮೆಗಳೂ ಹಸುಗಳೂ ಮೇಯುವುವು. ೧೯೮೬ರಲ್ಲಿ ಮಲಿಕ್ ಮತ್ತು ಅವರ ಸಂಗಡಿಗರು ಈ ಹುಲ್ಲೊಂದನ್ನೇ ಕುರಿತು ಪುಸ್ತಕವನ್ನು ಹೊರತಂದರು.

ಆ ಕಾಲದಲ್ಲಿಯೇ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಗೊಬ್ಬರವನ್ನೇ ಕಾಣದ ನೆಲದಲ್ಲಿ ಈ ಹುಲ್ಲು ಇಷ್ಟು ಹುಲುಸಾಗಿ ಬೆಳೆಯಲು ಸಾರಜನಕವು ಎಲ್ಲಿಂದ ಬರುತ್ತದೆ? ಜರ್ಮನಿಯ ಬಾರ್ಬರಾ ರೈನ್‌ಹೋಲ್ಡ್ ಹುರೆಕ್ ಮತ್ತು ಅವರ ಸಹೋದ್ಯೋಗಿಗಳು ಪಾಕಿಸ್ತಾನದ ಪಂಜಾಬದಿಂದ ತಂದ ಬೇರುಗಳನ್ನು ಪರೀಕ್ಷಿಸಲಾಗಿ, ಬೇರಿನ ಒಳಗೇ ವಾಸಿಸುತ್ತ ಗಾಳಿಯ ಸಾರಜನಕವನ್ನು ಹಿಡಿಯಬಲ್ಲ ಸೂಕ್ಷ್ಮಜೀವಿಗಳು ದೊರೆತವು. ೧೯೯೩ರಲ್ಲಿ ಅವಕ್ಕೆ ಅಜೋಆರ್ಕಸ್ ಎಂಬ ಹೊಸ ಕುಲವನ್ನೇ ಕಲ್ಪಿಸಿದರು. ಇವು ಭತ್ತದ ಬೇರಿನಲ್ಲಿಯೂ ಮನೆಮಾಡಬಲ್ಲವೆಂಬುದು ತಿಳಿದ ಮೇಲೆ ಅವುಗಳ ಕಡೆಗೆ ಲೋಕದ ಗಮನ ಹರಿಯಿತು. ೨೦೦೬ರಲ್ಲಿ ಅವುಗಳಲ್ಲೊಂದರ ವಂಶವಾಹಿಗಳ ಪೂರ್ಣಪಾಠವು ಪ್ರಕಟವಾಯಿತು. ಪಂಜಾಬದ ರೈತನ ಹಾಳು ಹೊಲದಿಂದ ಕಿತ್ತ ಬೇರೊಂದು ಇಷ್ಟು ದೂರಕ್ಕೆ ಹೋಯಿತು.

ಇಷ್ಟು ಹೇಳಿದ ಮೇಲೆ, ಹಾಗಾದರೆ ಎಲ್ಲ ಊಸರದಲ್ಲಿಯೂ ಈ ಹುಲ್ಲನ್ನು ಹಾಕಿಬಿಟ್ಟರೆ ತೀರಿತಲ್ಲ ಎಂದು ವಾಚಕರು ಕೇಳಬಹುದು. ತೀರದು. ಹುಲ್ಲಿನ ಚಿಕಿತ್ಸೆ ನಿಧಾನವಾದದ್ದು. ಜಿಪ್ಸಮ್ಮಿನ ಹೊಲದಲ್ಲಿ ಮೊದಲನೆಯ ವರ್ಷವೇ ಭತ್ತವು ತೆನೆಬಿಡುವುದು; ಹುಲ್ಲಿನ ಹೊಲವು ಮೂರು, ನಾಲ್ಕು, ಐದು ವರ್ಷ ಕಾಯಿಸುವುದು. ಹತ್ತಾರು ಎಕರೆಯ ಒಡೆಯನು ಒಂದು ಮೂಲೆಯನ್ನು ಹುಲ್ಲಿಗೆ ಬಿಟ್ಟು ಕಾಯಬಲ್ಲನು. ಎರಡು ಎಕರೆಯವನು ಕಾಯಲಾರ. ಹುಲ್ಲನ್ನು ಕೊಯ್ದು ಮಾರೋಣವೆಂದರೆ ಅದಕ್ಕಿಂತ ರುಚಿಯಾದ ಮೇವು ಇರುವಾಗ ಕೊಳ್ಳುವವರು ಕಡಮೆ. ಹುಲ್ಲು ಚಿಗುರುವವರೆಗೆ ದನಗಳನ್ನು ತಡೆಯಲೂ ಬೇಕು. ಛೇರತಿನ ಬೇಲಿಯ ಪ್ರಶ್ನೆಯು ಇಲ್ಲಿ ಮತ್ತೆ ಎದುರಾಗುವುದು. ಹುಲ್ಲನ್ನು ಹೊಗಳುವ ಗ್ರಂಥಗಳಲ್ಲಿ ಈ ಭಾಗವು ಸಂಕ್ಷೇಪವಾಗಿರುವುದನ್ನು ನಾನು ಕಂಡಿದ್ದೇನೆ.

ಉತ್ತರಪ್ರದೇಶದಲ್ಲಿ ಆದದ್ದು ಇದಕ್ಕೆ ನಿದರ್ಶನ. ಭೂಸುಧಾರಣೆಯ ಕಾಲದಲ್ಲಿ ಭೂಮಿಯಿಲ್ಲದ ದಲಿತ ಕುಟುಂಬಗಳಿಗೆ ಗ್ರಾಮಸಭೆಯ ಜಮೀನನ್ನು ಹಂಚಿದರು. ಹಾಗೆ ಹಂಚಿದ್ದರಲ್ಲಿ ಊಸರವೇ ಬಹಳವಾಗಿತ್ತು. ಕಾಗದದ ಮೇಲೆ ಅವರು ಭೂಮಾಲಿಕರಾದರು. ಹೊಲದಲ್ಲಿ ರೇಹ್ ಬಿದ್ದಿತ್ತು. ೧೯೭೮ರಲ್ಲಿ ಆ ಸರಕಾರವು ಭೂಮಿ ಸುಧಾರ ನಿಗಮವನ್ನು ಸ್ಥಾಪಿಸಿತು. ೧೯೯೩ರಿಂದ ಜಾಗತಿಕ ಬ್ಯಾಂಕಿನ ಸಾಲದಿಂದ ದೊಡ್ಡ ಪ್ರಮಾಣದಲ್ಲಿ ಸುಧಾರಣೆ ನಡೆಯಿತು. ಅಲ್ಲಿ ಬಳಸಿದ್ದು ಜಿಪ್ಸಂ, ಕೊಳವೆ ಬಾವಿ, ಬಸಿಗಾಲುವೆ, ಹುಲ್ಲಿಗೆ ಸ್ಥಾನವಿರಲಿಲ್ಲ. ಅದು ಸರಿಯೆಂದೇ ನನಗೆ ತೋರುವುದು. ಆ ವರ್ಷದ ಊಟವು ಆ ವರ್ಷದ ಹೊಲದಿಂದಲೇ ಬರಬೇಕಾದವನಿಗೆ ಹುಲ್ಲನ್ನು ಉಪದೇಶಿಸುವುದು ನ್ಯಾಯವಲ್ಲ. ಆದರೆ ಜಿಪ್ಸಂ ಕೊಳ್ಳಲು ಹಣವಿಲ್ಲದ, ಒಳ್ಳೆಯ ನೀರೂ ಇಲ್ಲದ, ಯಾರೊಬ್ಬರ ಹೆಸರಿನಲ್ಲಿಯೂ ಇರದ ಗೋಮಾಳದ ಊಸರವು ಇನ್ನೂ ಬೇಕಾದಷ್ಟಿದೆ. ಭಾರತದಲ್ಲಿ ಉಪ್ಪಿನಿಂದ ಕೆಟ್ಟ ನೆಲವು ೬೭ ಲಕ್ಷ ಹೆಕ್ಟೇರೆಂದು ಲೆಕ್ಕ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಾಗಿ, ಸುಮಾರು ೩೮ ಲಕ್ಷವು, ಕ್ಷಾರದ ಜಾತಿಯದು. ಹುಲ್ಲು ಸಲ್ಲುವುದು ಅಂತಹ ಗೋಮಾಳದಲ್ಲಿ, ಊರಿನವರೇ ಸೇರಿ ಕಾಯುವುದಾದರೆ.

ಕರ್ನಾಟಕದ ಪಾಲಿಗೆ ಆ ಲೆಕ್ಕದಲ್ಲಿ ಸುಮಾರು ಒಂದೂವರೆ ಲಕ್ಷ ಹೆಕ್ಟೇರು ಬಂದಿದೆ. ಕರ್ನಾಲದಲ್ಲಿ ನೂರು ವರ್ಷ ಹಿಂದೆ ನಡೆದದ್ದು ನಮ್ಮ ತುಂಗಭದ್ರೆಯ ಬಯಲಿನಲ್ಲಿಯೂ ನಡೆಯಿತು. ೧೯೫೩ರಲ್ಲಿ ಅಣೆಕಟ್ಟಿನಿಂದ ನಾಲೆಗಳಿಗೆ ನೀರು ಬಂತು. ಬರವನ್ನು ತಪ್ಪಿಸುವುದಕ್ಕಾಗಿ, ಬಹುಮಟ್ಟಿಗೆ ಜೋಳ ಹತ್ತಿಗಳಂತಹ ಬೆಳೆಗಳಿಗೆ ತೆಳುವಾಗಿ ಹಂಚಲೆಂದು ಯೋಜಿಸಿದ ನೀರದು. ನಾಲೆಯ ಮೇಲ್ಭಾಗದವರು ಭತ್ತಕ್ಕೆ ಹಿಡಿದರು. ಕಪ್ಪು ಮಣ್ಣಿನಲ್ಲಿ ನೀರು ನಿಂತಿತು, ಅಂತರ್ಜಲ ಏರಿತು, ಗಂಗಾವತಿ ಸಿಂಧನೂರುಗಳ ಕಡೆ ಗದ್ದೆಗಳು ಚೌಳಾದವು. ಕೊನೆಯ ಭಾಗದ ರಾಯಚೂರಿನ ಹಳ್ಳಿಗಳಿಗಾದರೋ ನೀರೇ ತಲಪಲಿಲ್ಲ. ಒಂದೇ ನಾಲೆಯಲ್ಲಿ ಒಬ್ಬನು ನೀರು ಹೆಚ್ಚಾಗಿ ಕೆಟ್ಟನು, ಇನ್ನೊಬ್ಬನು ನೀರಿಲ್ಲದೆ ಕೆಟ್ಟನು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಕರ್ನಾಲದೊಡನೆ ಸೇರಿ ಈ ನೆಲಗಳ ವಿಷಯವಾಗಿ ಕೆಲಸ ಮಾಡುತ್ತಿದೆ. ಮಣ್ಣಿನ ಅಡಿಯಲ್ಲಿ ರಂಧ್ರದ ಕೊಳವೆಗಳನ್ನು ಹೂತು ನೀರನ್ನು ಬಸಿಯುವ ಕ್ರಮವನ್ನು ಅಲ್ಲಿ ಪರೀಕ್ಷಿಸಿದ್ದಾರೆ. ಉತ್ತರದ ಮೆಕ್ಕಲು ಮಣ್ಣಿಗೆ ಒಪ್ಪಿದ ಮದ್ದು ನಮ್ಮ ಎರೆಯ ನೆಲಕ್ಕೆ ಹಾಗೆಯೇ ಒಪ್ಪುವುದೆಂದು ಹೇಳಲಾಗದು. ಎರೆಯ ಭೂಮಿಯು ಒದ್ದೆಯಾದಾಗ ಊದಿಕೊಂಡು ನೀರಿನ ದಾರಿಯನ್ನು ತಾನೇ ಮುಚ್ಚಿಕೊಳ್ಳುವುದು. ಆ ಗದ್ದೆಗಳಲ್ಲಿ ಭತ್ತವು ಹೋದ ಮೇಲೆ ಬದುವಿನಲ್ಲಿ ಯಾವ ಹುಲ್ಲು ಮೊದಲು ಏಳುತ್ತದೆಯೆಂಬುದನ್ನು ಆ ಸೀಮೆಯ ರೈತರು ಬಲ್ಲರು. ಅವರನ್ನು ಕೇಳಿ, ಅದರ ಹೆಸರನ್ನೂ ಅದು ಬಂದ ವರ್ಷವನ್ನೂ ಬರೆದಿಡುವ ಕೆಲಸವನ್ನು ನಮ್ಮ ಜಿಲ್ಲೆಗಳ ಉಪಾಧ್ಯಾಯರು ಕೈಗೊಳ್ಳಬಹುದು.